ಬಾಗಿಲಿಲ್ಲದ ಅಗುಳಿ

ಬಹಳ ಹಿಂದೆ, ಎಂದರೆ ಹೋದ ಬೆಳೆಯ ಹಿಂದಿನ ಬೆಳೆಯಲ್ಲಿ, ಒಂದು ರಾಜ್ಯವಿತ್ತು. ಅದರ ಎತ್ತರ ಎರಡೂವರೆ ಅಡಿ, ಸುತ್ತಳತೆ ಒಂದು ಹಿಡಿ. ಮೂಡಣಕ್ಕೆ ಗದ್ದೆಯ ಬದು, ಪಡುವಣಕ್ಕೆ ಏಡಿಯ ಬಿಲ, ತೆಂಕಣ ಬಡಗಣಗಳಲ್ಲಿ ಇಂಥವೇ ಬೇರೆ ರಾಜ್ಯಗಳು. ನಾವು ನೀವು ಅದನ್ನು ಭತ್ತದ ಒಂದು ಬುಡ ಎಂದುಕೊಂಡು ದಾಟಿಹೋಗುತ್ತೇವೆ. ಒಳಗಿದ್ದವರು ಮಾತ್ರ ಅದನ್ನು ಅಖಂಡ ಶಾಲಿದೇಶವೆಂದು ಕರೆಯುತ್ತಿದ್ದರು.

ಆ ದೇಶದ ನೆತ್ತಿಯಲ್ಲಿ ಶ್ರೀಮನ್ಮಹಾರಾಜ ಶಾಲಿವರ್ಧನನು ವಿರಾಜಮಾನನಾಗಿದ್ದನು. ಆಗಷ್ಟೇ ಹೊಡೆಯೊಡೆದು ಹೊರಬಂದ ತೆನೆ; ಕಾಳಿಗೆ ಇನ್ನೂ ಹಾಲು ತುಂಬಿರಲಿಲ್ಲ. ಹಾಲು ತುಂಬಿ ಕಾಳು ಗಟ್ಟಿಯಾದ ದಿನವೇ ಪಟ್ಟಾಭಿಷೇಕ. ಹಾಲು ಕಳುಹಿಸಬೇಕಾದವರು ಎಲೆಸೀಮೆಯ ಪ್ರಜೆಗಳು. ಅಲ್ಲಿ ಮನೆಗೊಂದು ಹಸಿರು ಒಲೆ. ಬೇರುಸೀಮೆಯವರು ಹೊತ್ತು ತಂದ ನೀರನ್ನಿಟ್ಟು, ಬಿಸಿಲನ್ನೇ ಸೌದೆ ಮಾಡಿ, ದಿನವಿಡೀ ಬೇಯಿಸಿ, ಕತ್ತಿನ ಕೇರಿಯ ಮೂಲಕ ಮೇಲಕ್ಕೆ ಸಾಗಿಸುತ್ತಿದ್ದರು. ಕತ್ತಿನ ಕೇರಿ ಎಂದರೆ ಅರಸನ ಕೊರಳು. ಕಡ್ಡಿಯಷ್ಟು ಸಣ್ಣದಾದ ಆ ಹಾದಿ ಬಿಟ್ಟರೆ ಅರಮನೆಗೆ ಬೇರೆ ದಾರಿಯೇ ಇಲ್ಲ.

ಆ ಕೇರಿಯ ಕಾವಲಿಗಿದ್ದವಳು ದ್ಯಾವೀರಮ್ಮ. ಅವಳ ಮನೆತನಕ್ಕೆ ಆ ಕೆಲಸ ವಂಶಪಾರಂಪರ್ಯವಾಗಿ ಬಂದದ್ದು. ಬೆಳಿಗ್ಗೆ ಎದ್ದು, ಕೈ ಮುಗಿದು, ತನ್ನ ಚೌಕಿಯ ಕಂಬಕ್ಕೆ ಹೊಡೆದಿದ್ದ ಒಂದು ಅಗುಳಿಯನ್ನು ಕಣ್ಣಿಗೊತ್ತಿಕೊಂಡು ಕೂತಳೆಂದರೆ, ಹೊತ್ತು ಮುಳುಗುವ ತನಕ ಅವಳು ಬೇರೆಲ್ಲೂ ನೋಡುತ್ತಿರಲಿಲ್ಲ. ಹೋಗುವವರ ಮುಖ ನೋಡಳು, ಬರುವವರ ಮುಖ ನೋಡಳು. ಅಗುಳಿಯನ್ನೇ ನೋಡುವಳು.

ಓದುಗ ಮಹಾಶಯರೇ, ಇದರಲ್ಲಿ ಏನು ತಪ್ಪಿದೆ ಎಂದು ನಿಮಗೆ ತಕ್ಷಣ ಹೊಳೆಯದಿರಬಹುದು. ನೀವು ಸರ್ಕಾರದಲ್ಲಿಲ್ಲ.

ಒಂದು ಬೆಳಗು ಮಹಾರಾಜನು ಎಳೆಬಿಸಿಲಿನಲ್ಲಿ ಇಬ್ಬನಿಯ ಹನಿಯೊಂದನ್ನು ಕನ್ನಡಿಯಾಗಿ ಹಿಡಿಸಿಕೊಂಡು ತನ್ನ ಸಿರಿಮುಡಿಯ ಸೌಂದರ್ಯವನ್ನು ಪರಾಂಬರಿಸುತ್ತಿದ್ದಾಗ, ಕನ್ನಡಿಯ ಮೂಲೆಯಲ್ಲಿ ಪಕ್ಕದಲ್ಲಿ ಬಾವುಟದಂತೆ ನಿಂತ ತುದಿಯೆಲೆ, ಧ್ವಜದೆಲೆಯೂ ಕಂಡಿತು. ಅದರ ಮೇಲೆ ಎಳ್ಳಿನ ಗಾತ್ರದ ಮೂರು ಕಂದು ಚುಕ್ಕಿಗಳಿದ್ದವು.

"ಏನಿದು?" ಎಂದು ಅರಸನು ಗರ್ಜಿಸಿದನು. ಗಾಳಿ ಇದ್ದುದರಿಂದ ಗರ್ಜನೆ ಸರಸರ ಎಂದು ಕೇಳಿಸಿತು.

ಎಲೆಸೀಮೆಯ ಮಂತ್ರಿಯಾದ ಪತ್ರಾಮಾತ್ಯ ಹೌದೇಂದ್ರನು ಓಡಿಬಂದನು. ಪತ್ರ ಎಂದರೆ ಎಲೆಯೂ ಹೌದು, ಕಾಗದವೂ ಹೌದು. ನೇಮಕಗೊಂಡಂದಿನಿಂದ ಹೌದೇಂದ್ರನು ಎರಡನೆಯ ಅರ್ಥದಲ್ಲಿಯೇ ಸೇವೆ ಸಲ್ಲಿಸುತ್ತಿದ್ದನು.

"ಮಹಾಪ್ರಭು, ಅವು ಕಲೆಗಳು."

"ನಮ್ಮ ಧ್ವಜದ ಮೇಲೆ ಕಲೆಯೆ? ಪಟ್ಟಾಭಿಷೇಕಕ್ಕೆ ನೆರೆಯ ಅರಸರು ಬಂದಾಗ ಏನೆಂದುಕೊಂಡಾರು?"

"ಹೌದು ಪ್ರಭು. ರಾಜ್ಯದ ಇಮೇಜಿಗೆ ಧಕ್ಕೆ."

"ಮಾಡಿದವರಾರು?"

"ಶತ್ರುಗಳಲ್ಲ ಪ್ರಭು. ಅದೇ ವಿಚಿತ್ರ. ನಮ್ಮ ಕಾವಲಿನವರೇ ಮಾಡಿದ್ದಾರೆ!"

ಅರಸನ ತೆನೆಮುಳ್ಳುಗಳೆಲ್ಲ ನಿಮಿರಿದವು. ಅಂದೇ ರಾಜಾಜ್ಞೆ ಹೊರಟಿತು: 'ಇನ್ನು ಮುಂದೆ ಅಖಂಡ ಶಾಲಿದೇಶದಲ್ಲಿ ಯಾವುದೇ ಬಗೆಯ ಕಲೆ ಕಂಡುಬರತಕ್ಕದ್ದಲ್ಲ. ಕಂಡುಬಂದಲ್ಲಿ ಸಂಬಂಧಪಟ್ಟವರನ್ನೇ ಹೊಣೆಗಾರರನ್ನಾಗಿಸಲಾಗುವುದು.'

ಆಜ್ಞೆಯ ಒಂದು ಪ್ರತಿ ಸಂಸ್ಕೃತಿ ಇಲಾಖೆಗೂ ಹೋಯಿತು. ಅವರು ಅದನ್ನು ತಮ್ಮ ರೀತಿಯಲ್ಲಿ ಓದಿಕೊಂಡರು. ಬುಡದಲ್ಲಿ ಕೂತು ಹಾಡುತ್ತಿದ್ದ ಜೀರುಂಡೆಗೆ ನೋಟೀಸು ಬಂತು. ಅದು ಹೋಗಿ ಅಂಗಲಾಚಿತು. "ನಿಮ್ಮದು ಕಲೆಯಲ್ಲ ಎಂದು ಇಬ್ಬರು ಹಿರಿಯ ಕಲಾವಿದರಿಂದ ಬರೆಸಿ ತನ್ನಿ" ಎಂದರು ಅಧಿಕಾರಿಗಳು. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಮಂದಿ ಸಂತೋಷದಿಂದ ಬರೆದುಕೊಟ್ಟಿದ್ದರು.

ಆಸ್ಥಾನಕವಿಯು ಬೇರೆಯೇ ವರ್ಗದವನು; ಅವನಿಗೆ ವಿನಾಯಿತಿಯಿತ್ತು. ಅವನು ರಾಗವಾಗಿ ವಾಚಿಸಿದನು:

ಕಲೆಯ ಕಳೆದವನರಸ ನಿನ್ನಯ
ಎಲೆಗೆ ಹೋಲಿಕೆ ಯಾವುದಿದೆಯೈ
ಹಲವು ಚುಕ್ಕಿಯ ಚಂದ್ರ ನಾಚುತ ಮೋಡ ಹೊದ್ದಿಹನು

ಚಪ್ಪಾಳೆಯ ನಡುವೆಯೇ ಹೌದೇಂದ್ರನು ಸ್ಥಳ ಪರಿಶೀಲನೆಗೆ ಹೊರಟನು. ಕತ್ತಿನ ಕೇರಿಗೆ ಬಂದು ನೋಡಿದರೆ, ಮುದುಕಿಯೊಬ್ಬಳು ಒಂದು ಅಗುಳಿಯನ್ನು ನೋಡುತ್ತ ಕೂತಿದ್ದಾಳೆ. ಮಂತ್ರಿ ಬಂದರೂ ತಲೆಯೆತ್ತಲಿಲ್ಲ.

"ಯಾರಮ್ಮ ನೀನು? ಏನು ಮಾಡುತ್ತಿದ್ದೀಯೆ?"

"ಕಾವ್ಲು ಕಾಯ್ತಾ ಇವ್ನಿ ಬುದ್ಧಿ."

"ಯಾವುದನ್ನು?"

"ಈ ಅಗುಳೀನ."

ಹೌದೇಂದ್ರನು ಅಗುಳಿಯ ಹಿಂದೆ ಹೋಗಿ ನೋಡಿದನು. ಮುಂದೆ ಬಂದು ನೋಡಿದನು. ಗೋಡೆಯಿಲ್ಲ, ಕದವಿಲ್ಲ, ಹೊಸ್ತಿಲಿಲ್ಲ. ಕಂಬ, ಕಂಬಕ್ಕೊಂದು ಅಗುಳಿ.

"ಇದರ ಬಾಗಿಲೆಲ್ಲಿ?"

"ಇದುಕ್ಕೆ ಬಾಗ್ಲಿಲ್ಲ ಬುದ್ಧಿ."

"ಬಾಗಿಲಿಲ್ಲದ ಅಗುಳಿಯೆ? ಬರೆದುಕೊಳ್ಳಿ, ಬರೆದುಕೊಳ್ಳಿ!" ಎಂದು ಮಂತ್ರಿಯು ಗುಮಾಸ್ತರಿಗೆ ಕೂಗಿದನು. ಅವನ ಮುಖದಲ್ಲಿ ಒಂದು ಹಗರಣ ಕಂಡುಹಿಡಿದವನ ಕಳೆಯಿತ್ತು.

ದ್ಯಾವೀರಮ್ಮ ಸಮಾಧಾನವಾಗಿ ಹೇಳಿದಳು: "ಸಿಟ್ಟಾಗ್ಬೇಡಿ, ಕೇಳಿ. ಮ್ಯಾಲೆ ಬೂಷ್ಟ ಅಂತ ಒಬ್ಬ ಅವ್ನೆ. ಮಂಜಲ್ಲಿ ತೇಲ್ಕಂಡು ಬತ್ತಾನೆ, ಮಾಡಿನ ಮೇಲೆ ಅಂಟ್ಕಂಡು ಕೂತ್ಕತಾನೆ. ತಾನು ಒಳೀಕ್ ಬರಾಕಿಲ್ಲ. ಸೂಜಿ ಅಂಗೆ ಒಂದು ತೂತು ಕೊರ್ದು ದಳ್ಳಾಳಿಗಳ್ನ ಬಿಡ್ತಾನೆ. ದಳ್ಳಾಳಿ ಒಳೀಕ್ ಬಂದೇಟ್ಗೆ ಮಾಡೋ ಮೊದಲ್ನೇ ಕೆಲ್ಸ ಏನು? ಮನೆ ಬಾಗ್ಲು ಅಗುಳಿ ಸಡ್ಲ ಮಾಡಾದು. ಆಮೇಲೆ ಬೂಷ್ಟನ ಸಂಸಾರ ಎಲ್ಲಾ ನಮ್ ಅಡುಗೆಮನೇಲೇ."

"ಹಾಗಿದ್ದರೆ ದಳ್ಳಾಳಿಯ ಮುಖ ನೋಡಿ ಹಿಡಿಯಬೇಕು! ಅಗುಳಿಯನ್ನೇಕೆ ನೋಡುತ್ತೀಯೆ?"

"ಮಖ ನೋಡುದ್ರೆ ಏನ್ ಗೊತ್ತಾದದು ಬುದ್ಧಿ? ಕಳ್ಳ ಮಖ ತೊಳ್ಕಂಡೇ ಬತ್ತಾನೆ. ಹೋದ್ ಬೆಳೇಲಿ ಪೇಟ ಸುತ್ಕಂಡು ಬಂದಿದ್ದ, ಈ ಬೆಳೇಲಿ ಟೋಪಿ ಹಾಕ್ಕಂಡ್ ಬತ್ತಾನೆ. ವೇಸ ಬದ್ಲಾಯ್ಸಾಕೆ ಬತ್ತದೆ, ಕಸುಬು ಬದ್ಲಾಯ್ಸಾಕೆ ಬರಾಕಿಲ್ಲ. ಅಗುಳಿ ಕಂಡ್ರೆ ಅವನ ಕೈ ಸುಮ್ಕಿರಾಕಿಲ್ಲ. ಅದುಕ್ಕೇ ನಮ್ ಹಿರೀಕ್ರು ನಿಜ್ವಾದ್ ಅಗುಳಿ ಅಂಗೇ ಇನ್ನೊಂದು ಮಾಡಿ ಕಂಬಕ್ಕೆ ಒಡ್ದವ್ರೆ. ಅವ್ನು ಇದೇ ಮನೆಬಾಗ್ಲು ಅನ್ಕಂಡು ಮುಟ್ತಾನೆ. ಮುಟ್ಟುದ್ರೆ ಒಳಗಿನ ಚಕಮಕಿ ಕಿಡಿ ಹಾರುಸ್ತದೆ."

"ಕಿಡಿ ಹಾರಿಸಿದರೆ?"

"ನಾನು ನನ್ ಮನೆ ಸುಟ್ಕತೀನಿ."

ಗುಮಾಸ್ತರ ಲೇಖನಿಗಳು ನಿಂತವು.

"ಬೂಷ್ಟ ಬದುಕಿರೋ ಮನೆ ಅನ್ನವೇ ತಿನ್ನಾದು. ಸುಟ್ ಮನೇಲಿ ಅವುನ್ಗೆ ಏನ್ ಸಿಕ್ತದೆ? ಅಕ್ಕಪಕ್ಕದವ್ರು ಹೊಗೆ ಕಂಡು ಗೋಡೆ ದಪ್ಪ ಮಾಡ್ಕತಾರೆ. ದಳ್ಳಾಳೀನೂ ಅವ್ನ ಧಣೀನೂ ಉಪಾಸ ಬಿದ್ದು ಅಲ್ಲೇ ಸಾಯ್ತಾರೆ. ಕೇರಿ ಉಳೀತದೆ. ಒಂದು ಚುಕ್ಕಿ ಆಯ್ತದೆ, ಅಷ್ಟೇಯ."

"ಮನೆ ಸುಡುವಾಗ ನೀನೆಲ್ಲಿರುತ್ತೀಯೆ?"

"ಒಳ್ಗೇ ಬುದ್ಧಿ. ಅವುನ್ನೂ ಒಳೀಕ್ ಎಳ್ಕಂಡಿರ್ತೀನಿ, ಬಾಗ್ಲು ತಗುದ್ರೆ ಆಚೀಗ್ ಬಂದ್ಬುಡ್ತಾನಲ್ಲ." ಅವಳು ಮೊದಲ ಸಲ ಅಗುಳಿಯಿಂದ ಕಣ್ಣು ತೆಗೆದು ಧ್ವಜದೆಲೆಯ ಕಡೆ ನೋಡಿದಳು. "ಆ ಮಧ್ಯದ್ ಚುಕ್ಕಿ ಐತಲ್ಲ, ಅದು ನಮ್ಮತ್ತೆ. ಆಚೀಚೆ ಇರಾವು ನನ್ ಓರಗಿತ್ತೀರು. ಒಂದೊಂದ್ ಮನೆತನಕ್ಕೆ ಒಂದೊಂದ್ ಕಳ್ಳನ ಕೈ ಗೊತ್ತು ಬುದ್ಧಿ. ನಮಗೆ ಬೂಷ್ಟಂದು."

ಓದುಗರೇ, ಇಲ್ಲಿ ಯಾರಾದರೂ ತಲೆ ತಗ್ಗಿಸಬೇಕಾಗಿತ್ತು. ಹೌದೇಂದ್ರನೂ ತಗ್ಗಿಸಿದನು, ಕಡತದಲ್ಲಿ ಷರಾ ಬರೆಯುವುದಕ್ಕಾಗಿ.

ಷರಾ ಹೀಗಿತ್ತು: 'ಸದರಿ ಕಾವಲುಗಿತ್ತಿಯು ಬಾಗಿಲಿಲ್ಲದ ಅಗುಳಿಯೊಂದನ್ನು ಅನಧಿಕೃತವಾಗಿ ಇರಿಸಿಕೊಂಡಿರುತ್ತಾಳೆ. ಸರ್ಕಾರಿ ವಸತಿಯನ್ನು ಸುಡುವ ಉದ್ದೇಶವನ್ನು ಬಾಯಾರೆ ಒಪ್ಪಿಕೊಂಡಿರುತ್ತಾಳೆ. ಆಕೆಯ ಕುಟುಂಬದವರೇ ಈ ಹಿಂದೆ ಮೂರು ಕಲೆಗಳಿಗೆ ಕಾರಣರಾಗಿರುತ್ತಾರೆ. ಶತ್ರುವಿನ ಮುಖವನ್ನೇ ನೋಡದೆ ಶತ್ರುವನ್ನು ಗುರುತಿಸುವ ಪದ್ಧತಿ ಅವೈಜ್ಞಾನಿಕ.'

ವಾರದೊಳಗೆ ಹೊಸ ಪದ್ಧತಿ ಜಾರಿಗೆ ಬಂದಿತು. ಪ್ರತಿ ಚೌಕಿಗೂ ಒಂದು 'ಶತ್ರುಮುಖದರ್ಪಣ'ವನ್ನು ಕೊಟ್ಟರು. ಅದು ಬೂಷ್ಟನ ದಳ್ಳಾಳಿಯ ಚಿತ್ರವಿದ್ದ ಪುಸ್ತಕ. ಚಿತ್ರ ಬರೆದವನು ದಳ್ಳಾಳಿಯನ್ನು ಕಂಡವನಲ್ಲವಾದ್ದರಿಂದ ಎರಡು ಕೋರೆಹಲ್ಲು, ಒಂದು ಬಾಲ, ಕೆಂಗಣ್ಣುಗಳನ್ನು ಭಕ್ತಿಯಿಂದ ಬಿಡಿಸಿದ್ದನು. ನಿಯಮ ಸರಳವಾಗಿತ್ತು: ಚಿತ್ರವನ್ನು ಹೋಲುವವನು ಶತ್ರು, ಹೋಲದವನು ಅತಿಥಿ. ಇನ್ನು ಮನೆ ಸುಡಲೇಬೇಕಾದ ಸಂದರ್ಭ ಒದಗಿದರೆ ಮೊದಲೇ ಅರ್ಜಿ ಸಲ್ಲಿಸಿ 'ದಹನಾನುಮತಿ' ಪಡೆಯತಕ್ಕದ್ದು.

ಅಗುಳಿ ಕೀಳಲು ಬಂದ ದಿನ ದ್ಯಾವೀರಮ್ಮ ನೇರವಾಗಿ ಅರಮನೆಗೆ ಹೋದಳು. ಕಾವಲಿಗೆ ಕೂತಂದಿನಿಂದ ಅರಸನ ಕೊರಳಲ್ಲೇ ಇದ್ದರೂ ಅವಳು ಅವನ ಮುಖ ನೋಡಿದ್ದು ಅದೇ ಮೊದಲು.

"ಅಪ್ಪಾ ದೊರೆ, ನಿನಗೆ ಹಾಲು ಬರಾದು ನನ್ ಕೇರಿ ಮೇಲೇಯ. ಅಗುಳಿ ಕಿತ್ತುದ್ರೆ ನಾನು ಕುರ್ಡಿ ಆಗೋಯ್ತೀನಿ. ನಾನು ಸುಟ್ಕಂಡ್ರೆ ನಿನ್ ಕತ್ತಲ್ಲಿ ಒಂದೇ ಒಂದು ಚುಕ್ಕಿ. ಸುಟ್ಕಳ್ದೆ ಇದ್ರೆ ನಿನಗೆ ಕತ್ತೇ ಇರಾಕಿಲ್ಲ."

ಅರಸನು ಮಂತ್ರಿಯ ಕಡೆ ನೋಡಿದನು.

"ಮಹಾಪ್ರಭು," ಎಂದನು ಹೌದೇಂದ್ರನು, "ಈಕೆ ತಮ್ಮ ಕೊರಳಿನಲ್ಲಿ ಕಲೆಯಾಗಲು ಅನುಮತಿ ಕೇಳುತ್ತಿದ್ದಾಳೆ. ಕಂಠೀಹಾರ ಧರಿಸಬೇಕಾದ ಜಾಗದಲ್ಲಿ!"

"ಛೆ ಛೆ ಛೆ," ಎಂದನು ಅರಸನು. "ತಾಯೀ, ನಿನ್ನ ಸ್ವಾಮಿಭಕ್ತಿಗೆ ಮೆಚ್ಚಿದೆವು. ನಿನಗೆ ಏನು ಬೇಕೋ ಕೇಳು."

"ಅಗುಳಿ."

"ಅದನ್ನುಳಿದು ಕೇಳು."

ಕೊನೆಗೆ ಅವಳಿಗೆ 'ಕಾವಲುರತ್ನ' ಎಂಬ ಬಿರುದನ್ನು ಕೊಟ್ಟು, ಶಾಲು ಹೊದಿಸಿ ಕಳುಹಿಸಿದರು. ಅವಳು ಚೌಕಿಗೆ ಮರಳುವಷ್ಟರಲ್ಲಿ ಕಂಬ ಬೋಳಾಗಿತ್ತು. ಅಗುಳಿಯನ್ನು ಚಕಮಕಿಯ ಸಮೇತ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಒಯ್ದು, 'ಪೂರ್ವಜರ ಮೂಢನಂಬಿಕೆಗಳು' ಎಂಬ ಫಲಕದ ಕೆಳಗೆ ಇರಿಸಿದ್ದರು.

ಪಕ್ಕದ ಮನೆಯ ಹೊನ್ನಾಜಿ ಬಂದು ಶಾಲನ್ನು ಮುಟ್ಟಿ ನೋಡಿದಳು. ಅವಳು ಹೊಸದಾಗಿ ಒಲೆ ಹೂಡಿದ ಹುಡುಗಿ. ಕೇರಿಯಲ್ಲೆಲ್ಲ ಅವಳ ಒಲೆಯೇ ಹಸಿರು.

"ಸಾಲು ಚೆಂದಾಗೈತಲ್ಲ ಅತ್ತೆ."

"ಚೆಂದಾಗೈತೆ. ಮಖದ್ ಮೇಲೆ ಎಳ್ಕಂಡ್ರೆ ಏನೂ ಕಾಣಾಕಿಲ್ಲ ಕನವ್ವ."

ಐದು ದಿನ ಮಂಜು ಕವಿಯಿತು. ಎಲೆಗಳು ಒಣಗಲೇ ಇಲ್ಲ. ಆರನೆಯ ಬೆಳಗು, ಎಲ್ಲರೂ ಒಲೆ ಹೊತ್ತಿಸುವ ವೇಳೆಗೆ, ಕತ್ತಿನ ಕೇರಿಯ ಮಾಡಿನಲ್ಲಿ ಸೂಜಿ ಮೊನೆಯಷ್ಟು ತೂತು ಬಿತ್ತು. ಅದರೊಳಗಿಂದ ಒಬ್ಬ ಸದ್ಗೃಹಸ್ಥನು ಇಳಿದು, ಅಂಗಿ ಕೊಡವಿಕೊಂಡು, ಚೌಕಿಯ ಮುಂದೆ ಬಂದು ನಿಂತನು. ಕ್ಷೌರ ಮಾಡಿದ ಗಲ್ಲ, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಬಗಲಲ್ಲೊಂದು ಚೀಲ.

"ನಮಸ್ಕಾರ ತಾಯಿ. ಊರು ಬಲು ಸೊಗಸಾಗಿದೆ. ಒಂದು ಕಲೆಯೂ ಇಲ್ಲವಲ್ಲ!"

ದ್ಯಾವೀರಮ್ಮ ಶತ್ರುಮುಖದರ್ಪಣವನ್ನು ತೆರೆದಳು. ಚಿತ್ರ ನೋಡಿದಳು, ಅವನನ್ನು ನೋಡಿದಳು.

"ಎಲ್ಲಿ, ಬಾಯ್ ತಗಿ."

ಅವನು ತೆರೆದನು. ಕೋರೆಹಲ್ಲಿರಲಿಲ್ಲ.

"ಇಂದ್ಕ್ ತಿರುಕ್ಕೊ."

ತಿರುಗಿದನು. ಬಾಲವಿರಲಿಲ್ಲ. "ಕಣ್ಣನ್ನೂ ನೋಡಿಬಿಡಿ ತಾಯಿ, ನಿನ್ನೆ ಚೆನ್ನಾಗಿ ನಿದ್ದೆಯಾಗಿದೆ, ಕೆಂಪಿಲ್ಲ," ಎಂದು ಅವನೇ ಸಹಕರಿಸಿದನು. ಚೀಲದಿಂದ ನಿರಾಕ್ಷೇಪಣಾ ಪತ್ರವೊಂದನ್ನೂ ತೆಗೆದುಕೊಟ್ಟನು. ಅದರ ಮೇಲೆ ಹೌದೇಂದ್ರನ ಮೊಹರಿತ್ತು. ಅತಿಥಿಗಳಿಗೆ ಅನಾನುಕೂಲವಾಗಬಾರದೆಂದು ಅಂಥವನ್ನು ಗಡಿಯಲ್ಲಿ ಕಟ್ಟುಗಟ್ಟಲೆ ಇಟ್ಟಿದ್ದರು.

ಪತ್ರ ಕೊಡುವಾಗ ಅವನ ಬೆರಳುಗಳು ಕಂಡವು. ಉಗುರಿನ ಸಂದಿಗಳಲ್ಲಿ ಅಗುಳಿ ಉಜ್ಜುವ ಅರದ ಪುಡಿಯಿತ್ತು. ಮಾತಾಡುತ್ತಿದ್ದಷ್ಟು ಹೊತ್ತೂ ಅವನ ಬಲಗೈ ತನ್ನಷ್ಟಕ್ಕೆ ಗಾಳಿಯಲ್ಲಿ ಏನನ್ನೋ ತಡಕುತ್ತಿತ್ತು. ಬೋಳು ಕಂಬದ ಬಳಿ ಬಂದು ಏನೂ ಸಿಗದೆ ಹಿಂದೆ ಹೋಗುತ್ತಿತ್ತು.

ದ್ಯಾವೀರಮ್ಮ ಪುಸ್ತಕವನ್ನು ಬಿಸುಟು ಕೂಗಿದಳು: "ಹೊನ್ನಾಜೀ! ಬಾಗ್ಲಾಕ್ಕೊ! ಇವ್ನೇ ಕನೇ!"

ಹೊನ್ನಾಜಿ ಕದದ ಸಂದಿಯಿಂದ ಇಣುಕಿದಳು. "ಯಾಕತ್ತೆ? ಪಟದಾಗೆ ಇರಾನು ಇವ್ನಲ್ವಲ್ಲ. ಬಾಲ ಎಲ್ಲೈತೆ?"

"ಬಾಲ ಅಲ್ಲ, ಕೈ ನೋಡು, ಕೈಯ!"

"ಅತಿಥಿಗಳ ಕೈ ನೋಡಿದರೆ ದಂಡ," ಎಂದು ಆ ಸದ್ಗೃಹಸ್ಥನು ಮೆತ್ತಗೆ ನೆನಪಿಸಿದನು. ಆಮೇಲೆ ಹೊನ್ನಾಜಿಯ ಕಡೆ ತಿರುಗಿ, "ಮಗಳೇ, ನಿನ್ನ ಬಾಗಿಲ ಅಗುಳಿ ಸ್ವಲ್ಪ ಬಿಗಿಯಾಗಿದೆ. ಸರಿಮಾಡಿಕೊಡಲೆ? ಉಚಿತ ಸೇವೆ," ಎಂದನು.

ದ್ಯಾವೀರಮ್ಮ ಮನೆಯೊಳಕ್ಕೆ ನುಗ್ಗಿದಳು. ತನ್ನತ್ತೆ ಮಾಡಿದ್ದನ್ನೇ ಮಾಡಲು ಒಲೆಯ ಮುಂದೆ ಸೌದೆಯೊಟ್ಟಿದಳು, ಎಣ್ಣೆ ಸುರಿದಳು. ಬಿಸಿಲೊಲೆಯಲ್ಲಿ ಕೆಂಡವಿರದು; ಚಕಮಕಿಯ ಕಿಡಿಗಾಗಿ ಕೈಚಾಚಿದಳು. ಕಿಡಿ ವಸ್ತುಸಂಗ್ರಹಾಲಯದಲ್ಲಿತ್ತು.

ಉಳಿದದ್ದು ಅರ್ಜಿ. ಅವಳಿಗೆ ಅಕ್ಷರ ಬಾರದು. ಗುಮಾಸ್ತನ ಕೈಯಲ್ಲಿ ಬರೆಸಿ, ಹೆಬ್ಬೆಟ್ಟು ಒತ್ತಿ, ಕೈಯಾರೆ ಕಚೇರಿಗೆ ಒಯ್ದಳು. ಮಧ್ಯಾಹ್ನ ಉತ್ತರ ಬಂತು: 'ದಹನಾನುಮತಿ ಕೋರಿದ ತಮ್ಮ ಅರ್ಜಿಯೊಂದಿಗೆ, ಸುಟ್ಟ ಸ್ಥಳದ ಪರಿಶೀಲನಾ ವರದಿಯನ್ನು ಲಗತ್ತಿಸಿರುವುದಿಲ್ಲ. ಸರಿಪಡಿಸಿ ಮರುಸಲ್ಲಿಸುವುದು.'

"ಸುಡಾಕ್ ಮುಂಚೆ ಸುಟ್ ವರ್ದಿ ಎಲ್ಲಿಂದ ತರಾನಪ್ಪ?" ಎಂದು ಅವಳು ಕೇಳಿದಳು.

"ಅದು ನಮ್ಮ ವಿಭಾಗಕ್ಕೆ ಬರುವುದಿಲ್ಲ ಕಣಮ್ಮ," ಎಂದನು ಗುಮಾಸ್ತ.

ಅವಳು ಮರಳಿದಾಗ ಹೊನ್ನಾಜಿಯ ಕದ ತೆರೆದು ಬಿದ್ದಿತ್ತು. ಒಳಗೆ ಬೂಷ್ಟನ ನೆಂಟರು ಪಂಕ್ತಿ ಹಾಕಿ ಕೂತಿದ್ದರು. ಹೊನ್ನಾಜಿ ಬಡಿಸುತ್ತಲೇ ಇದ್ದಳು. ಅವಳ ಒಲೆಯ ಹಸಿರು ಹಳದಿಗೆ ತಿರುಗಿತ್ತು. ಪಂಕ್ತಿ ಮುಗಿದಂತೆ ಅವರು ಪಕ್ಕದ ಮನೆಗೆ ದಾಟಿದರು, ಅಲ್ಲಿಂದಾಚೆ ಮನೆಗೆ. ಎಲ್ಲಿಯೂ ಬೆಂಕಿಯಿಲ್ಲ, ಹೊಗೆಯಿಲ್ಲ. ಹೊಗೆಯಿಲ್ಲದ್ದರಿಂದ ಯಾರೂ ಗೋಡೆ ದಪ್ಪ ಮಾಡಿಕೊಳ್ಳಲಿಲ್ಲ. ನಾಲ್ಕು ದಿನಗಳಲ್ಲಿ ಕೇರಿಯ ಸುತ್ತ ಕಪ್ಪು ಉಂಗುರವೊಂದು ಕೂಡಿಕೊಂಡಿತು. ಕೆಳಗಿನಿಂದ ಬಂದ ಹಾಲು ಅಲ್ಲಿಯೇ ನಿಂತಿತು.

ಅರಮನೆಯಲ್ಲಿ ಮಾತ್ರ ಪಟ್ಟಾಭಿಷೇಕದ ಸಿದ್ಧತೆ ಭರದಿಂದ ಸಾಗಿತ್ತು.

"ಅಮಾತ್ಯರೇ, ಈಚೆಗೆ ಹಾಲು ಬರುತ್ತಿಲ್ಲವಲ್ಲ?" ಎಂದು ಅರಸನು ಕೇಳಿದನು.

"ಹೌದು ಪ್ರಭು. ತಮಗೆ ಅದರ ಅಗತ್ಯವೇ ಬೀಳುತ್ತಿಲ್ಲ."

"ನಮ್ಮ ಕೊರಳಲ್ಲಿ ಏನೋ ಕಪ್ಪಗಿದೆ."

"ಕಂಠೀಹಾರ ಪ್ರಭು. ಪ್ರಜೆಗಳ ಕಾಣಿಕೆ."

"ಮೈಯೆಲ್ಲ ಬೆಳ್ಳಗಾಗುತ್ತಿದೆ."

"ಧವಳಕೀರ್ತಿ ಎಂದು ಕಾವ್ಯಗಳಲ್ಲಿ ಕೇಳಿದ್ದೆವು. ಇಂದು ಕಣ್ಣಾರೆ ಕಂಡೆವು!"

ಪಟ್ಟಾಭಿಷೇಕದ ದಿನ ಬಂದಿತು. ನೆರೆಯ ಬುಡಗಳ ಅರಸರೆಲ್ಲ ಹೊನ್ನಿನ ಬಣ್ಣ ತಾಳಿ, ಕಾಳಿನ ಭಾರಕ್ಕೆ ಬಾಗಿ, ತಂತಮ್ಮ ಬೇರುಗಳ ಕಡೆ ಮುಖ ಮಾಡಿ ನಿಂತಿದ್ದರು. ಶಾಲಿವರ್ಧನನೊಬ್ಬನೇ ನೆಟ್ಟಗೆ, ಅಚ್ಚಬಿಳಿದಾಗಿ, ಆಕಾಶಕ್ಕೆ ಮುಖವೆತ್ತಿ ನಿಂತಿದ್ದನು. ಹಗುರವಾಗಿದ್ದುದರಿಂದ ಎಲ್ಲರಿಗಿಂತ ಎತ್ತರವಾಗಿಯೂ ಕಂಡನು.

"ನೋಡಿರಿ, ನೋಡಿರಿ!" ಎಂದು ಹೌದೇಂದ್ರನು ಕೂಗಿದನು. "ಗದ್ದೆಯ ಅರಸರೆಲ್ಲ ನಮ್ಮ ಪ್ರಭುವಿಗೆ ತಲೆಬಾಗಿದ್ದಾರೆ! ಯಾರಿಗೂ ಬಾಗದ ಅರಸ ನಮ್ಮವನು!" ಜಯಘೋಷದ ನಡುವೆ ಕಿರೀಟವನ್ನು ತೊಡಿಸಿದರು. ಕೆಳಗೆ ಡಂಗುರ ಸಾರಿದರು: ಪಟ್ಟಾಭಿಷೇಕದ ಹಾಲು ಅರಮನೆಗೆ ಮುಟ್ಟಿಲ್ಲವಾದ್ದರಿಂದ ಪ್ರಜೆಗಳು ಇನ್ನೊಂದು ಸಲ ಕಳುಹಿಸತಕ್ಕದ್ದು, ಶತ್ರುವನ್ನು ಗುರುತಿಸದ ಅಪರಾಧಕ್ಕೆ ಕಾವಲುರತ್ನ ದ್ಯಾವೀರಮ್ಮನ ಬಿರುದನ್ನು ಹಿಂಪಡೆಯಲಾಗಿದೆ.

ಆಳುಗಳು ಶಾಲು ಎಳೆದುಕೊಂಡು ಹೋದ ಮೇಲೆ ದ್ಯಾವೀರಮ್ಮ ಹೊನ್ನಾಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹುಡುಗಿಯ ಒಲೆ ಆರಿತ್ತು. ಅವಳು ಕಷ್ಟಪಟ್ಟು ಕಣ್ಣು ತೆರೆದು ಮೇಲೆ ನೋಡಿದಳು.

"ಅತ್ತೆ, ದೊರೆ ಎಷ್ಟ್ ನೆಟ್ಗೆ ನಿಂತವ್ನೆ! ತಲೇಲಿ ಏನೈತೆ?"

"ಏನಿಲ್ಲ ಕನವ್ವ. ಅದುಕ್ಕೇ ನಿಂತವ್ನೆ."

ಕಟ್ಟಿಹೋದ ಕೇರಿಗೆ ಮತ್ತೆ ಹಾಲು ನೂಕಿ ನೂಕಿ, ಬುಡದವರೆಗಿನ ಎಲೆಗಳೆಲ್ಲ ಬಳಲಿ, ಸುರುಳಿ ಸುತ್ತಿಕೊಂಡು, ಒಂದೊಂದಾಗಿ ಜೋತುಬಿದ್ದವು. ಅಂದಿನ ರಾಜಪತ್ರದಲ್ಲಿ ಹೀಗೆ ಪ್ರಕಟವಾಗಿದೆ: 'ಪಟ್ಟಾಭಿಷೇಕವು ಸಾಂಗವಾಗಿ ನೆರವೇರಿತು. ಪ್ರಜೆಗಳು ನೆಲ ಮುಟ್ಟುವಂತೆ ನಮಸ್ಕರಿಸಿದರು. ಇನ್ನೂ ಎದ್ದಿಲ್ಲ.'